ಒಂದೇ ರೆಕ್ಕೆಯ ಹಕ್ಕಿ

ಅಕ್ಕ ಬಸುರಿಯಾಗಿದ್ದಾಗ, ಹುಟ್ಟುವ ಮಗುವಿಗೆಂದು ತಂಗಿ ಒಂದು ಹೊದಿಕೆಯ ಮೇಲೆ ಹಕ್ಕಿಯ ಕಸೂತಿ ಹಾಕಲು ಕೂತಿದ್ದಳು. ಆ ಮಗು ಪುಟ್ಟಿಗೆ ಈಗ ಹಾಲುಹಲ್ಲು ಬೀಳುತ್ತಿದ್ದವು. ಹಕ್ಕಿಗೆ ಮಾತ್ರ ಇನ್ನೂ ಒಂದೇ ರೆಕ್ಕೆ. ಎರಡನೆಯದಕ್ಕೆ ಕೈಹಚ್ಚುವ ಮೊದಲು ಪ್ರತಿಸಲವೂ ಮೊದಲಿನದೇ ಸರಿಯಿಲ್ಲವೆನಿಸಿ, ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

ಇವತ್ತು ಪುಟ್ಟಿ ಪೆಟ್ಟಿಗೆಯೊಳಗಿಂದ ಅದನ್ನು ಎಳೆದುಕೊಂಡು ಬಂದಳು.

"ಚಿಕ್ಕಮ್ಮಾ, ಇದರ ಇನ್ನೊಂದು ರೆಕ್ಕೆ ಎಲ್ಲಿ?"

ಚಿಕ್ಕಮ್ಮನಿಗಿಂತ ಮೊದಲೇ ಪಕ್ಕದಲ್ಲಿ ಕೂತಿದ್ದ ಅಜ್ಜಿ ಹೇಳಿದಳು: "ಗಿಡುಗ ಕಿತ್ಕೊಂಡು ಹೋಯ್ತು ಕಂದಾ."

"ಅಯ್ಯೋ ಪಾಪ!" ಪುಟ್ಟಿ ಸೂಜಿಯ ತೂತುಗಳ ಮೇಲೆ ಮೆತ್ತಗೆ ಊದಿದಳು. "ಎಷ್ಟೊಂದು ಕುಕ್ಕಿದೆ! ಆ ಗಿಡುಗ ಎಲ್ಲಿದೆ ಈಗ?"

"ಇಲ್ಲೇ ಎಲ್ಲೋ, ತಲೆ ತಗ್ಗಿಸ್ಕೊಂಡು ಕೂತಿರುತ್ತೆ."

ಚಿಕ್ಕಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ಮಗು ಊದಿದ್ದಕ್ಕೆ ಏನೆಂದು ಉತ್ತರ ಕೊಡುವುದು? ಸೂಜಿಗೆ ದಾರ ಪೋಣಿಸಿ ಕೂತಳು. ಸಂಜೆಯ ಹೊತ್ತಿಗೆ ಅರ್ಧ ರೆಕ್ಕೆ ಮೂಡಿತು.

"ಸ್ವಲ್ಪ ಸೊಟ್ಟ ಇದೆ," ಅಂದಳು ಪುಟ್ಟಿ.

ಚಿಕ್ಕಮ್ಮನ ಕೈ ತಾನಾಗಿಯೇ ಕತ್ತರಿ ಹುಡುಕಿತು. ಕತ್ತರಿ ಇರಲಿಲ್ಲ. ಅಜ್ಜಿ ಅದನ್ನು ತೊಡೆಯಡಿ ಇಟ್ಟುಕೊಂಡು, ಏನೂ ಗೊತ್ತಿಲ್ಲದವಳಂತೆ ಗೋಡೆ ನೋಡುತ್ತಿದ್ದಳು. ನಾಚಿಕೆಯಿಂದ ಮುಖ ಕೆಂಪಗಾದರೂ ಚಿಕ್ಕಮ್ಮ ಸೊಟ್ಟ ರೆಕ್ಕೆಯ ಮುಂದಿನ ಹೊಲಿಗೆ ಹಾಕಿದಳು.