ಎಲೆರಾಶಿಯ ಕಪ್ಪು ಜೇಡ

ಹಿತ್ತಲಲ್ಲಿ ಒಣಗಿದ ಎಲೆ ಗುಡಿಸುತ್ತಿದ್ದ ಅತ್ತಿಗೆ ಕಿರುಚಿದ್ದೇ ತಡ, ನಾನು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿದೆ. ಪೊರಕೆ ತುದಿಯಲ್ಲಿ ಉಗುರಿನಷ್ಟು ದೊಡ್ಡ ಕಪ್ಪು ಜೇಡ. ಬಲೆಯಿಲ್ಲ, ಏನಿಲ್ಲ, ನೆಲದ ಮೇಲೆ ಒಂದೇ ಓಟ! ಜಾಮ್ ಬಾಟಲಿ ಕವುಚಿ ಹಿಡಿದುಬಿಟ್ಟೆ.

ನಾನು ಮ್ಯೂಸಿಯಮ್ಮಿನಲ್ಲಿ ಹುಳುಹುಪ್ಪಟೆಗಳಿಗೆ ಚೀಟಿ ಬರೆಯುವವಳು. ಯಾವ ಜೀವಿ, ಎಲ್ಲಿ ಸಿಕ್ಕಿತು, ಹಿಡಿದವರು ಯಾರು. ಇಪ್ಪತ್ತೆರಡು ವರ್ಷ ಬರೀ ಬೇರೆಯವರ ಹೆಸರು ಬರೆದು ಕೈ ಸವೆದಿದೆ. ಒಂದೇ ಒಂದು ಸಲ ನನ್ನ ಹೆಸರು ಬರೆಯಬೇಕು ಅಂತ ಆಸೆ. ಬಾಟಲಿ ಕವುಚಿದ್ದು ನಾನೇ ತಾನೇ?

ಭೂತಗನ್ನಡಿಯಲ್ಲಿ ನೋಡಿದೆ. ಎರಡು ಸಾಲಿನಲ್ಲಿ ಎಂಟು ಕಣ್ಣು, ಹಿಂಭಾಗದಲ್ಲಿ ನೂಲು ಬಿಡುವ ಉದ್ದನೆಯ ಕೊಳವೆಗಳು. ನೆಲಜೇಡಗಳ ಕುಟುಂಬವೇ, ಅನುಮಾನವಿಲ್ಲ. ಆದರೆ ಯಾವ ಜಾತಿ ಅಂತ ಹೇಳುವುದು ಪೂರ್ತಿ ಬೆಳೆದ ಹೆಣ್ಣಿನ ಹೊಟ್ಟೆಯಡಿಯ ಗುರುತು. ಇದಿನ್ನೂ ಎಳೆಯದು, ಕೊನೆಯ ಸಲ ಪೊರೆ ಕಳಚುವವರೆಗೆ ಕಾಯಬೇಕು. ಮ್ಯೂಸಿಯಮ್ಮಿಗೆ ಒಯ್ದರೆ ಅಲ್ಲಿನ ನಮ್ಮ ಸಾಹೇಬರು ತಮ್ಮದು ಅಂದಾರು ಎಂದು, ಬಾಟಲಿಗೆ ಎರಡು ಎಲೆ ಹಾಕಿ ಮನೆಯ ಕಿಟಕಿಯಲ್ಲೇ ಇಟ್ಟೆ.

ಹನ್ನೊಂದನೇ ದಿನ ಕೆಲಸದಿಂದ ಬಂದರೆ, ಬಾಟಲಿ ತೊಳೆದು ಬೋರಲು ಹಾಕಿದೆ!

“ಸತ್ತುಹೋಗಿತ್ತು ಕಣೇ,” ಅಂದರು ಅತ್ತಿಗೆ. “ಒಣಗಿ ಸಿಪ್ಪೆ ಆಗಿತ್ತು. ಎಲೆ ಸಮೇತ ರಾಶಿಗೆ ಸುರಿದುಬಿಟ್ಟೆ.”

“ಅಯ್ಯೋ ಅತ್ತಿಗೆ, ಅದು ಪೊರೆ! ಜೇಡ ಎಲೆ ಸಂದೀಲಿ ಕೂತಿರುತ್ತೆ!”

ಅತ್ತಿಗೆಯ ಮುಖ ಬಿಳಿಚಿತು. ಜೇಡ ಕಂಡರೆ ಮಾರು ದೂರ ಹಾರುವ ಹೆಂಗಸು, ರಾಶಿಯ ಮುಂದೆ ಕೂತು ಬರಿಗೈಯಲ್ಲಿ ಒಂದೊಂದೇ ಎಲೆ ಎತ್ತಿ ನೋಡತೊಡಗಿದರು. ನಾನು ಮನಸ್ಸಿನಲ್ಲೇ ಅವರನ್ನು ಬೈಯುತ್ತ ಇನ್ನೊಂದು ಕಡೆಯಿಂದ ಹುಡುಕಿದೆ. ಹೊತ್ತು ಮುಳುಗುವಷ್ಟರಲ್ಲಿ “ಇಲ್ಲಿದೆ ಬಾರೇ!” ಅಂತ ಕೂಗಿದರು. ಸುರುಳಿ ಸುತ್ತಿದ ಎಲೆಯೊಳಗೆ, ಮಿರಮಿರ ಮಿಂಚುವ ಕಪ್ಪು. ಇಬ್ಬರೂ ಚಿಕ್ಕ ಮಕ್ಕಳ ಹಾಗೆ ಕುಣಿದೆವು.

ಇನ್ನು ಮನೆಯಲ್ಲಿ ಇಟ್ಟುಕೊಳ್ಳುವ ಧೈರ್ಯ ನನಗಿರಲಿಲ್ಲ. ಮರುದಿನ ಸಾಹೇಬರು ಸೂಕ್ಷ್ಮದರ್ಶಕದಲ್ಲಿ ನೋಡಿದರು, ಪುಸ್ತಕ ತಿರುವಿದರು, ಮತ್ತೆ ನೋಡಿದರು. ಈಗ ಪೂರ್ತಿ ಮೂಡಿದ್ದ ಹೊಟ್ಟೆಯಡಿಯ ಗುರುತು ಯಾವ ಚಿತ್ರಕ್ಕೂ ಹೊಂದಲಿಲ್ಲ.

“ಹೊಸದೇ ಇರಬೇಕು ಕಣಮ್ಮಾ!” ಚೀಟಿಯನ್ನು ನನ್ನ ಮುಂದೆ ತಳ್ಳಿದರು. “ಬರಿ, ಬರಿ. ಹಿಡಿದವರು ಯಾರು?”

ನಾಲಿಗೆ ತುದಿಗೆ ಬಂದಿದ್ದ ‘ನಾನೇ’ ಅನ್ನುವ ಮಾತನ್ನು ನುಂಗಿಕೊಂಡೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

“ನಮ್ಮ ಅತ್ತಿಗೆ ಸಾರ್,” ಅಂದೆ. “ಅದೂ ಎರಡು ಸಲ.”