ಗೆರೆ ಹೊರಟ ಕಡೆ

"ಈ ನೀಲಿ ಬಟ್ಟೆ ಮನೆ ಥರ ಇದೆ," ಎಂದಳು ಡೋರಿಸ್, ಚಿತ್ರದಿಂದ ಕಣ್ಣು ತೆಗೆಯದೆ. "ಕೆಂಪು ಗೆರೆಗಳೆಲ್ಲ ದಾರಿಗಳು. ಎಲ್ಲರೂ ಮನೆಗೆ ಬರ್ತಾ ಇದ್ದಾರೆ."

ಲಿಯೋನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಮೆರಿಕದ ಬಫೆಲೊ ನಗರದ ಈ ಕಲಾಸಂಗ್ರಹಾಲಯದಲ್ಲಿ ಬಂದವರಿಗೆ ಚಿತ್ರ ತೋರಿಸುವುದು ಅವನ ಕೆಲಸ; ಸಂಬಳವಿಲ್ಲ, ಎದೆಗೊಂದು ಬಿಲ್ಲೆ ಅಷ್ಟೆ. ತನ್ನ ಅಭಿಪ್ರಾಯ ಹೇಳುವಂತಿಲ್ಲ, ಕಲಾವಿದರ ಬದುಕಿನ ಮಾತೆತ್ತುವಂತಿಲ್ಲ. ಗೆರೆ, ಬಣ್ಣ, ಖಾಲಿ ಜಾಗ ನೋಡಿ ಬಂದವರೇ ಮಾತಾಡಬೇಕು. ಆ ನಿಯಮ ಅವನಿಗೆ ಅನುಕೂಲವೇ ಆಗಿತ್ತು. ಬಟ್ಟೆ, ಮರಳು, ಬಣ್ಣ ಸೇರಿಸಿ ಮಾಡಿದ ಈ ಚಿತ್ರದ ನಡುವೆ ಅಂಟಿರುವ ನೀಲಿ ಬಟ್ಟೆ ಅವನದೇ ಕೆಲಸದ ಅಂಗಿ ಎಂದು ಅಲ್ಲಿ ಯಾರಿಗೂ ತಿಳಿಯದು. ಮಾಡಿದವಳು ಅವನ ಮಗಳು ತೆರೇಸ ಎಂದೂ ತಿಳಿಯದು.

ಅವಳು ಕಲಾಶಾಲೆಗೆ ಸೇರುತ್ತೇನೆಂದು ಹಟ ಹಿಡಿದಾಗ, "ಹೊಸ್ತಿಲು ದಾಟಿದರೆ ನನ್ನ ಪಾಲಿಗೆ ನೀನು ಸತ್ತೆ" ಎಂದಿದ್ದ. ಅವಳು ದಾಟಿದಳು. ಹೋಗುವಾಗ ಅಂಗಳದಲ್ಲಿ ಒಣಗುತ್ತಿದ್ದ ಅವನ ಅಂಗಿಯನ್ನು ಎತ್ತಿಕೊಂಡು ಹೋದಳು, ಆಮೇಲೆ ತಾಯಿಯ ಮನೆತನದ ಹೆಸರು ಇಟ್ಟುಕೊಂಡಳು. ಕೆಲವು ವರ್ಷಗಳ ಹಿಂದೆ ಕ್ಯಾನ್ಸರಿನಲ್ಲಿ ನಿಜಕ್ಕೂ ಸತ್ತಳು. ಅವನಿಗೆ ಸುದ್ದಿ ಬಂದದ್ದು ಮಣ್ಣಾದ ಮೇಲೆ. ಉಳಿದದ್ದು ಈ ಚಿತ್ರ. ಅಂಗಿಯನ್ನು ಬಿಸಾಡದೆ ನಡುವೆಯೇ ಅಂಟಿಸಿದ್ದಾಳೆ, ಗೆರೆಗಳೆಲ್ಲ ಅದರತ್ತಲೇ ಬರುತ್ತಿವೆ, ಅಂದರೆ ಅಪ್ಪನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡಿದ್ದಾಳೆ. ಈ ಒಂದು ನಂಬಿಕೆಯಲ್ಲಿ ಮುದುಕ ಜೀವ ಹಿಡಿದುಕೊಂಡಿದ್ದ.

"ಬರ್ತಾ ಇದ್ದಾರಂತೆ," ಎಂದು ಡೋರಿಸಳ ತಂಗಿ ಎಡ್ನಾ ಮೂಗು ಮುರಿದಳು. "ನಿನಗೆ ಯಾವಾಗ್ಲೂ ಯಾರೋ ಊಟಕ್ಕೆ ಬರ್ತಾನೇ ಇರ್ತಾರೆ ಕಣಕ್ಕಾ. ಅವು ಹೋಗ್ತಾ ಇವೆ."

ಇಂಥ ಹೊತ್ತಿಗೆ ಕೇಳಲೇಬೇಕಾದ ಪ್ರಶ್ನೆ ಒಂದಿತ್ತು. ಲಿಯೋ ಗಂಟಲು ಸರಿಮಾಡಿಕೊಂಡ. "ಹಾಗನ್ನಿಸೋದಕ್ಕೆ ಚಿತ್ರದಲ್ಲಿ ಏನು ಕಾಣಿಸ್ತು ನಿಮಗೆ?"

"ಈ ಪಕ್ಕ ಬನ್ನಿ, ಬೆಳಕಿಗೆ. ಬಟ್ಟೆ ಹತ್ರ ಬಣ್ಣ ದಪ್ಪಗೆ ಕೂತಿದೆ ಅಲ್ವಾ? ಅಂಚಿಗೆ ಹೋಗ್ತಾ ಹೋಗ್ತಾ ತೆಳ್ಳಗಾಗುತ್ತೆ, ಕೊನೆಗೆ ಬರೀ ಕೂದಲೆಳೆ. ಬ್ರಷ್ ಇಲ್ಲಿಟ್ಟು ಅಲ್ಲಿಗೆ ಎಳೆದಿದ್ದಾಳೆ. ಒಂದು ಗೆರೆನೂ ವಾಪಸ್ ಬಂದಿಲ್ಲ."

"ನಿನ್ನ ಬಾಯಲ್ಲಿ ಒಳ್ಳೇ ಮಾತೇ ಬರಲ್ವಲ್ಲೇ," ಎಂದಳು ಡೋರಿಸ್. "ನೀವೇ ಹೇಳಿ ಯಜಮಾನ್ರೇ, ಯಾರದು ಸರಿ?"

ಲಿಯೋ ಜೀವಮಾನವೆಲ್ಲ ಊರಿನ ಮನೆಗಳಿಗೆ ಬಣ್ಣ ಬಳಿದವನು. ಬ್ರಷ್ ಎಲ್ಲಿ ಊರಿತು, ಎಲ್ಲಿ ಒಣಗಿತು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಚಿತ್ರದಲ್ಲಿ ಮಾತ್ರ ಅದನ್ನು ನೋಡಲು ಅವನಿಗೆ ಮನಸ್ಸಿರಲಿಲ್ಲ. ಈಗ ನೋಡಿದ, ಒಂದೊಂದೇ ಗೆರೆಯನ್ನು. ಎಲ್ಲವೂ ಅಂಗಿಯಿಂದ ಹೊರಟಿದ್ದವು.

"ನಾವು ಹೇಳೋ ಹಾಗಿಲ್ಲಮ್ಮಾ," ಎಂದ.

ಅಕ್ಕತಂಗಿಯರು ಜಗಳವಾಡುತ್ತಲೇ ಮುಂದಿನ ಕೋಣೆಗೆ ಹೋದರು. ಲಿಯೋ ಹೋಗಲಿಲ್ಲ. ಕಾಲರಿನ ಬಳಿ ಶುರುವಾಗಿದ್ದ ಗೆರೆಯೊಂದರ ಜಾಡು ಹಿಡಿದು, ಮುಟ್ಟದೆ, ಗಾಳಿಯಲ್ಲಿ ಕೈ ಎಳೆಯತೊಡಗಿದ. ನಡುವೆ ಗೆರೆ ಹೊರಳಿದಲ್ಲಿ ಮಣಿಕಟ್ಟು ತಾನಾಗಿ ತಿರುಗಿತು. ಹಾಗೆ ತಿರುಗಿಸುವುದನ್ನು ಬೇಲಿಗೆ ಬಣ್ಣ ಬಳಿಯುವಾಗ ಮಗಳಿಗೆ ಕಲಿಸಿದವನು ಅವನೇ.

"ಲಿಯೋ, ಹಿಂದೆ ಸರಿಯಪ್ಪಾ," ಎಂದ ಬಾಗಿಲ ಬಳಿಯ ಕಾವಲುಗಾರ.

ಒಂದು ಹೆಜ್ಜೆ ಹಿಂದೆ ಸರಿದ. ಕೈ ನಿಲ್ಲಲಿಲ್ಲ. ಗೆರೆ ಚೌಕಟ್ಟು ಮುಟ್ಟುವ ಮೊದಲೇ ಒಣಗಿಹೋಗಿತ್ತು. ಕೈ ಅದನ್ನು ದಾಟಿ ಬಿಳಿ ಗೋಡೆಯೆದುರು ಹೋಗಿ ನಿಂತಿತು.