ಮೈದಾನಕ್ಕೆ ಹೊದಿಸಿದ ಹುಲ್ಲು

ಎಂಬತ್ತೇಳರ ಜನವರಿಯಲ್ಲಿ ನಾನು ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ ಆಂಡ್ರ್ಯೂ ಸಾಹೇಬರ ಮನೆಯ ಅಡಿಗೆಯವನು. ಶನಿವಾರ ಬಂತೆಂದರೆ ಅವರ ಊಟ ಮೇಜಿನ ಮೇಲೆ ತಣಿಯುತ್ತಿತ್ತು, ಕಿವಿ ಮಾತ್ರ ರೇಡಿಯೋದಲ್ಲಿ. ಬ್ರಿಟನ್ನಿನ ಫುಟ್‌ಬಾಲ್ ಫಲಿತಾಂಶ ಓದುವ ಹೊತ್ತು ಅದು. ನನಗೆ ಇಂಗ್ಲಿಷ್ ಬಾರದು. ಆದರೂ ಎರಡನೆಯ ತಂಡದ ಹೆಸರು ಹೇಳುವಾಗ ಓದುವವನ ಸ್ವರ ಏರಿದರೆ ಅದು ಗೆದ್ದಿದೆ, ಇಳಿದರೆ ಸೋತಿದೆ ಎಂಬುದು ಕೇಳಿ ಕೇಳಿ ಅಭ್ಯಾಸವಾಗಿತ್ತು.

ಆ ತಿಂಗಳು ಸ್ವರ ಏರಲೂ ಇಲ್ಲ, ಇಳಿಯಲೂ ಇಲ್ಲ. ಒಂದರ ಹಿಂದೊಂದು ಹೆಸರು, ಕೊನೆಗೆ ಅದೇ ಒಂದು ಮಾತು.

“ಏನದು ವಾಲ್ಟರ್?” ಎಂದೆ. ಸಾಹೇಬರ ಕಂಪೆನಿಯ ಡ್ರೈವರ್ ವಾಲ್ಟರ್ ಮಂಗಳೂರಿನವನು. ಅಡಿಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದ.

“ಆಟ ಮುಂದಕ್ಕೆ ಹೋಯ್ತಂತೆ ದೂಮಣ್ಣ. ಹಿಮ ಬಿದ್ದು ಮೈದಾನ ಕಲ್ಲಾಗಿದೆ.”

“ನಾವು ಕೆಸರಿನಲ್ಲೇ ಆಡ್ತಿರಲಿಲ್ವಾ?”

“ಕೆಸರಲ್ಲಿ ಬಿದ್ರೆ ಅಂಗಿ ಹಾಳಾಗ್ತದೆ ಅಷ್ಟೆ. ಅಲ್ಲಿ ಬಿದ್ರೆ ಮಂಡೆ ಎರಡು ಹೋಳು ಮಾರಾಯ್ರೆ!”

ಸಾಹೇಬರು ನಗುವ ಸ್ಥಿತಿಯಲ್ಲಿರಲಿಲ್ಲ. ಅವರ ತಂದೆ ಬ್ರಿಟನ್ನಿನ ತಮ್ಮೂರಿನ ಚಿಕ್ಕ ಫುಟ್‌ಬಾಲ್ ಕ್ಲಬ್ಬಿನ ಮೈದಾನ ನೋಡಿಕೊಳ್ಳುವವರು, ಮನೆಯಲ್ಲಿ ಒಬ್ಬರೇ. ಕ್ರಿಸ್ಮಸ್ಸಿಗೆ ಮಾತಾಡಿದಾಗ ಕೆಮ್ಮುತ್ತಿದ್ದರಂತೆ. ಅವರ ಮನೆಯಲ್ಲಿ ಫೋನಿಲ್ಲ, ಇದ್ದದ್ದು ಕ್ಲಬ್ಬಿನ ಆಫೀಸಿನಲ್ಲಿ. ಆಟವಿಲ್ಲವೆಂದು ಆಫೀಸು ಮುಚ್ಚಿತ್ತು. ಸಾಹೇಬರು ದಿನವೂ ಫೋನು ಮಾಡುತ್ತಿದ್ದರು. ಅದು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಗುತ್ತಿತ್ತು.

“ಒಣಹುಲ್ಲು ಹೊದಿಸಿ ನೆಲವನ್ನು ಬೆಚ್ಚಗಿಡೋದು ಅಪ್ಪನಿಗೊಬ್ಬನಿಗೇ ಗೊತ್ತು,” ಎಂದರು ಒಮ್ಮೆ, ತಮ್ಮ ಹರಕು ಹಿಂದಿಯಲ್ಲಿ. “ಅಲ್ಲಿ ಆಟ ನಡೆದ್ರೆ ಅಪ್ಪ ಎದ್ದು ಓಡಾಡ್ತಿದ್ದಾನೆ ಅಂತ ಅರ್ಥ ದೂಮಪ್ಪ.”

ಅಂದಿನಿಂದ ನಾನೂ ಆ ಊರಿನ ಹೆಸರಿಗೆ ಕಾದೆ.

ಕೊನೆಗೊಂದು ಶನಿವಾರ ಅದು ಬಂತು. ಮೊದಲು ಅವರ ಊರು, ಆಮೇಲೆ ಅಲ್ಲಿಗೆ ಆಡಲು ಬಂದ ತಂಡ. ಎರಡನೆಯ ಹೆಸರಿಗೆ ಸ್ವರ ಏರಿತು. ಸಾಹೇಬರು ಮೇಜಿಗೆ ಗುದ್ದಿ ನಕ್ಕರು.

“ಸೋತ್ರು! ದೂಮಪ್ಪ, ನಮ್ಮವರು ಸೋತ್ರು! ಏನಾದ್ರೂ ಸಿಹಿ ಮಾಡು!”

“ಸೋತದ್ದಕ್ಕೆ ಪಾಯಸ,” ಎಂದ ವಾಲ್ಟರ್ ನನ್ನ ಕಿವಿಯಲ್ಲಿ. “ಗೆದ್ದಿದ್ರೆ ನಮಗೆ ಉಪವಾಸವೋ ಏನೋ.”

ಮರುದಿನ ಮಧ್ಯಾಹ್ನ, ಸೋತದ್ದಕ್ಕೆ ತಂದೆಯನ್ನು ಗೇಲಿ ಮಾಡಬೇಕೆಂದು ಸಾಹೇಬರು ನಗುನಗುತ್ತಲೇ ಫೋನು ತಿರುಗಿಸಿದರು. ಕ್ಲಬ್ಬಿನಲ್ಲಿ ಯಾರೋ ಎತ್ತಿದರು. ಸಾಹೇಬರು ಬಹಳ ಹೊತ್ತು ಕೇಳುತ್ತಲೇ ಇದ್ದರು. ರಿಸೀವರ್ ಇಟ್ಟ ಮೇಲೂ ಅದರ ಮೇಲಿನ ಕೈ ತೆಗೆಯಲಿಲ್ಲ.

“ಅಪ್ಪ ಹೋಗಿಬಿಟ್ಟ,” ಎಂದರು. “ಆಸ್ಪತ್ರೆಯಲ್ಲಿ. ಆಟಕ್ಕೆ ಮೊದಲೇ. ನನ್ನ ನಂಬರ್ ಕ್ಲಬ್ಬಿನವರ ಬಳಿ ಇರಲಿಲ್ಲವಂತೆ.”

ನನಗೆ ಅರ್ಥವಾಗಲಿಲ್ಲ. “ಮತ್ತೆ ಹುಲ್ಲು?”

“ಆಟಗಾರರೇ ಹೊದಿಸಿದ್ದಂತೆ. ಕೆಮ್ಮು ಜೋರಾದಾಗ ಅಪ್ಪ ಮೈದಾನದ ಬದಿಗೆ ಕುರ್ಚಿ ಹಾಕಿಸಿಕೊಂಡು ಕೂತು, ಹೇಗೆ ಅಂತ ತೋರಿಸಿಕೊಟ್ಟನಂತೆ. ಅವರಿಗೂ ಕಲಿಸಿಬಿಟ್ಟಿದ್ದಾನೆ ದೂಮಪ್ಪ. ನನಗೆ ಗೊತ್ತಿರಲಿಲ್ಲ,” ಎಂದರು.

ನಮ್ಮ ಕಡೆ, ತೀರಿಹೋದವರಿಗೆ ಇಷ್ಟವಾದದ್ದನ್ನು ಕಾಗೆಗೆ ಇಡುತ್ತೇವೆ. ಅದನ್ನೇ ಹೇಳಿದೆ. “ನಿಮ್ಮ ತಂದೆಯವರಿಗೆ ಏನು ಇಷ್ಟ ಸಾಹೇಬರೇ?”

“ಚಹಾ. ಸಕ್ಕರೆ ಜಾಸ್ತಿ.”

ಚಹಾ ಮಾಡಿದೆ. ಜೊತೆಗೆ ಎರಡು ಬಿಸ್ಕತ್ತು. ಬಟ್ಟಲನ್ನು ಸಾಹೇಬರು ತಾವೇ ಹಿಡಿದು ಕಂಪೌಂಡಿನ ಗೋಡೆಯವರೆಗೆ ಬಂದರು. ಮಸ್ಕತ್ತಿನಲ್ಲಿ ಕಾಗೆಗಳಿಗೇನೂ ಬರವಿಲ್ಲ, ಆಗಲೇ ತಂತಿಯ ಮೇಲೆ ಎರಡು ಕೂತಿದ್ದವು.

“ಇಟ್ಟು ಈಚೆ ಬನ್ನಿ. ನೀವು ಅಲ್ಲೇ ನಿಂತರೆ ಅವು ಇಳಿಯುವುದಿಲ್ಲ,” ಎಂದೆ.

ಸಾಹೇಬರು ಗೋಡೆಯ ಮೇಲೆ ಇಟ್ಟರು, ಆದರೆ ಅಲ್ಲಿಂದ ಸರಿಯಲಿಲ್ಲ. ಬಿಸಿ ಆರದಂತೆ ಬಟ್ಟಲಿನ ಸುತ್ತ ಎರಡೂ ಕೈ ಹಿಡಿದು ನಿಂತರು. ಚಳಿಗಾಲವಾದರೂ ಬಿಸಿಲು ಚುರುಗುಟ್ಟುತ್ತಿತ್ತು. ಮತ್ತೆ ಕರೆಯಲು ನನಗೆ ಮನಸ್ಸಾಗಲಿಲ್ಲ. ಕಾಗೆಗಳೂ ಕಾದವು.